ಸಾಲ ತಂದ ಹನ್ನೆರಡು ಚೀಲ

ಹನ್ನೆರಡು ಚಿತ್ರ, ಹನ್ನೆರಡು ಗೋಣಿಚೀಲ.
ಚಿತ್ರ ನನ್ನವು. ಚೀಲ ಜೋಯಪ್ಪನವರವು,
ಕುಯಿಲು ಬಿರುಸಾಗುವ ಮೊದಲು ವಾಪಸು ಕೊಡುವ ಮಾತು.
ಹೊಸತು ಕೊಳ್ಳೋಣವೆಂದರೆ ಈ ತಿಂಗಳು
ಚೀಲಕ್ಕಿರುವ ಬೇಡಿಕೆ ಚಿತ್ರಕ್ಕಿಲ್ಲ.

ಡಿಸೆಂಬರ್ ಕೊನೆ, ವಿರಾಜಪೇಟೆ.
ಕಲ್ಯಾಣಮಂಟಪದ ಊಟದ ಹಾಲು.
ಮೊಳೆ ಹೊಡೆಯಬಾರದು ಎಂದರು, ಮೇಜಿಗೆ ಒರಗಿಸಿದೆ.
ಆಮೇಲೆ ನಾಲ್ಕು ದಿನ
ನನ್ನ ಬೆಟ್ಟ, ನನ್ನ ಮಂಜು, ನನ್ನ ಆಕಾಶ
ಎಲ್ಲಕ್ಕೂ ಇಂಗಿನ ಒಗ್ಗರಣೆ ವಾಸನೆ.

ಕುಶಾಲನಗರದ ಶಾಲೆಯ ಬೆಳ್ಳಿಹಬ್ಬದಲ್ಲಿ
ಮೈಕಿನವನು ನನ್ನನ್ನು ರಂಗೋಲಿ ಸ್ಪರ್ಧೆಯ
ತೀರ್ಪುಗಾರ್ತಿ ಎಂದು ಕೂಗಿದ.
ತಿದ್ದುವಷ್ಟು ಪುರುಸೊತ್ತಿರಲಿಲ್ಲ,
ಹೋಗಿ ತೀರ್ಪು ಕೊಟ್ಟು ಬಂದೆ.
ಎರಡನೇ ಬಹುಮಾನದ ನವಿಲಿಗೆ
ಮೊದಲನೆಯದೇ ಕೊಡಬೇಕಿತ್ತು, ಈಗಲೂ ಕೊರೆಯುತ್ತದೆ.

ಕುಂಚ ಮುಟ್ಟಿ ಐವತ್ತು ದಿನ.
ಕೈಗೆ ಈಗ ಗೊತ್ತಿರುವುದು ಸುತ್ತಿಗೆ, ಸುತಲಿ ಹುರಿ,
ಮೇಕೇರಿ ತಿರುವಿನಲ್ಲಿ ಚೌಕಟ್ಟು ಜಾರದಂತೆ
ರಜಾಕನ ಗೂಡ್ಸ್ ಆಟೋದ ಹಿಂದೆ ಕೂತು
ಹನ್ನೆರಡನ್ನೂ ತಬ್ಬಿ ಹಿಡಿಯುವ ಭಂಗಿ.
ನಾಲ್ಕನೆಯದರ ಮೂಲೆ ಮುಕ್ಕಾಯಿತು,
ಒಂಬತ್ತನೆಯದು ಎರಡು ಊರಲ್ಲಿ ತಲೆಕೆಳಗೆ ನೇತಾಡಿತು.
ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಡಿಕೇರಿ. ಫಲಪುಷ್ಪ ಪ್ರದರ್ಶನ.
ಎಡಕ್ಕೆ ಜೇನು, ಬಲಕ್ಕೆ ಅಣಬೆ, ನಡುವೆ ನಾನು.
ಜೇನು ನೆಕ್ಕಿದ ಬೆರಳಲ್ಲಿ
ಮಕ್ಕಳು ನನ್ನ ಸೂರ್ಯನನ್ನು ಮುಟ್ಟಿ ನೋಡಿದರು.
ರೆಸಾರ್ಟಿನ ಮ್ಯಾನೇಜರು ಟೇಪು ಹಿಡಿದೇ ಬಂದರು,
ಉದ್ದ ಅಳೆದರು, ಅಗಲ ಅಳೆದರು,
‘ಸರಿಯಾಗಿದೆ ಮೇಡಂ, ಸೋಫಾದ ಮೇಲೆ ಕೂರುತ್ತೆ,
ಒಂದು ಆನೆ ಸೇರಿಸಿ ಕೊಡ್ತೀರಾ?’
ಆನೆ ಮೊನ್ನೆ ರಾತ್ರಿ ತಾನಾಗಿ ಬಂದು
ನಮ್ಮ ಬೇಲಿ ಮುರಿದು ಬಾಳೆ ತಿಂದು ಹೋಗಿದೆ,
ಕೂರಲು ಹೇಳಬಹುದಿತ್ತು.

ಸಂಜೆ ಪಾಲಿ ಬಂದಳು,
ಲೈನ್‌ಮನೆಯಿಂದ, ಬಟವಾಡೆಯ ಮರುದಿನ,
ಮೊಮ್ಮಗಳ ಕೈಲೊಂದು ಐಸ್‌ಕ್ಯಾಂಡಿ.
ಡೇಲಿಯಾ ನೋಡಿ, ಕುಬ್ಜ ಆಲ ನೋಡಿ
(ಇಷ್ಟಗಲದ ಕುಂಡದಲ್ಲಿ ಆಲ! ಪಾಪ, ಎಂದಳಂತೆ)
ಏಳನೆಯ ಚಿತ್ರದ ಮುಂದೆ ನಿಂತಳು.
ಕಾಫಿ ಕುಯ್ಯುವ ಹೆಂಗಸು, ಸೊಂಟದಲ್ಲಿ ಚೀಲ,
ಕೆಂಪು ಹಣ್ಣಿನ ಗೊಂಚಲಿಗೆ ನೀಡಿದ ಬಲಗೈ.
ನಾನು ಹೆಮ್ಮೆಯಿಂದ ಪಕ್ಕಕ್ಕೆ ಸರಿದೆ.

‘ರೆಂಬೆ ಬಗ್ಗಿಸಿದ್ದು ಯಾರು?’ ಎಂದಳು.

ನಾನು ನೋಡಿದೆ.
ಎತ್ತರದ ರೊಬಸ್ಟಾ ರೆಂಬೆ ತಾನಾಗಿ ಬಾಗಿ
ಅವಳ ಕೈಗೆ ಬಂದಿತ್ತು, ಸಾಕಿದ ಕರುವಿನ ಹಾಗೆ.
ಎಡಗೈ ಎಲ್ಲೂ ಇರಲಿಲ್ಲ.
ಐದು ಊರು, ಮೂರು ಉದ್ಘಾಟನೆ, ಒಂದು ಶಾಲು,
ಒಬ್ಬರಾದರೂ ಕೇಳಲಿಲ್ಲ.
ಪಾಲಿ ತನ್ನ ಎಡಗೈ ಮೇಲೆತ್ತಿ ತೋರಿಸಿದಳು,
ಇಲ್ಲದ ರೆಂಬೆಯನ್ನು ಎಳೆದು ಹಿಡಿದಳು.
‘ಸಂಜೆಗೆ ನೋಯುವುದು ಇದೇ,’ ಎಂದು
ಐಸ್‌ಕ್ಯಾಂಡಿ ಸೋರುತ್ತಿದ್ದ ಕಡೆ ತಿರುಗಿದಳು.

ರಾತ್ರಿ ಮನೆಯಲ್ಲಿ ಬಣ್ಣದ ಟ್ಯೂಬುಗಳ ಮುಚ್ಚಳ
ಇಕ್ಕಳದಿಂದ ತಿರುಗಿಸಬೇಕಾಯಿತು.
ಎರಡೂವರೆಯ ತನಕ ಕೂತು ಎಡಗೈ ಬರೆದೆ,
ಉಬ್ಬಿದ ನರ, ಕಪ್ಪಾದ ಉಗುರು,
ಮಣಿಕಟ್ಟಿನಲ್ಲಿ ಎಳೆತದ ಗಂಟು.
ಎಣ್ಣೆಬಣ್ಣ ಒಣಗಲು ವಾರ ಬೇಕು,
ಗೋಣಿಕೊಪ್ಪದಲ್ಲಿ ಹತ್ತು ಗಂಟೆಗೆ ಟೇಪು ಕತ್ತರಿಸುತ್ತಾರಂತೆ.
ಆರಕ್ಕೇ ರಜಾಕ್ ಹಾರ್ನ್ ಒತ್ತಿದ.

ಅಲ್ಲಿ ಬಿಚ್ಚಿ ನೋಡಿದರೆ
ಕೈ ಅರ್ಧ ಚಿತ್ರದಲ್ಲಿ, ಅರ್ಧ ಚೀಲದಲ್ಲಿ.
ಚಿತ್ರದೊಳಗೆ ಗೋಣಿಯ ನಾರು ಹೊಕ್ಕು
ಚರ್ಮ ನಾನು ಬರೆದದ್ದಕ್ಕಿಂತ ಒರಟಾಗಿದೆ,
ಹಾಗೇ ನೇತುಹಾಕಿದೆ.

ಚೀಲ? ಜೋಯಪ್ಪ ಫೋನಿನಲ್ಲೇ ರೇಗಿದ್ದರು,
ಕಣದ ತುಂಬ ಹಣ್ಣು ಒಣಗಿ ಕೂತಿದೆ.
ಹನ್ನೆರಡನ್ನೂ ಮಡಿಸಿ ಕಳಿಸಿಬಿಟ್ಟೆ.
ಈಗ ಅದು ಐವತ್ತು ಕಿಲೋ ತುಂಬಿಕೊಂಡು
ಕ್ಯೂರಿಂಗ್ ವರ್ಕ್ಸಿನ ಯಾವ ಅಟ್ಟಿಯಲ್ಲಿದೆಯೋ,
ಹೊರಮೈಯಲ್ಲೋ ಒಳಮೈಯಲ್ಲೋ
ನಾಲ್ಕು ಬೆರಳು, ಒಣಗುತ್ತಾ.